ಸಾಗರಕ್ಕೆ ಬರುವವರಿಗೆ ಪ್ರೆಸ್ಸಿನವಳ ಸಲಹೆಗಳು

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರಕ್ಕೆ ಬರುವ ಮುಂಚೆ ಪಂಚಾಂಗ ನೋಡಿ. ಹೋಟೆಲ್ ರೂಮು, ಕಾರಿನ ಬಾಡಿಗೆ, ಜೋಗದಲ್ಲಿ ನೀರು ಬೀಳುತ್ತಿದೆಯೋ ಇಲ್ಲವೋ ಎಂಬ ವಿಚಾರಣೆ ಎಲ್ಲ ಆಮೇಲೆ. ಇಲ್ಲಿನ ಗುಡಿ-ಗೋಪುರಗಳು ವರ್ಷವಿಡೀ ಇದ್ದಲ್ಲೇ ಇರುತ್ತವೆ. ನಡೆಯುವ ಸಂಗತಿಗಳು ಮಾತ್ರ ಹುಣ್ಣಿಮೆ, ಅಮಾವಾಸ್ಯೆ, ಅಡಿಕೆ ಕೊಯ್ಲು, ಮಳೆ ಇವುಗಳ ಅನುಕೂಲ ನೋಡಿಕೊಂಡು ನಡೆಯುತ್ತವೆ. ಶನಿವಾರ, ಭಾನುವಾರ ರಜೆ ಇದೆ ಎಂದು ಹೊರಟು ಬಂದವರು ಇಕ್ಕೇರಿ, ಕೆಳದಿ ಮುಗಿಸಿ ಮಧ್ಯಾಹ್ನದ ಊಟದ ಹೊತ್ತಿಗೆ ‘ಇನ್ನೇನಿದೆ?’ ಎಂದು ಕೇಳುತ್ತಾರೆ. ನನ್ನ ತಂಗಿಯ ಮಕ್ಕಳೂ ಬೆಂಗಳೂರಿನಿಂದ ಬಂದಾಗಲೆಲ್ಲ ಹೀಗೇ. ‘ದೊಡ್ಡಮ್ಮ, ಇಲ್ಲಿ ಏನೂ ನಡೆಯುವುದೇ ಇಲ್ಲವಾ?’ ಎನ್ನುತ್ತಾರೆ. ಅವರು ಹಾಗೆ ಕೇಳುವ ಹೊತ್ತಿಗೆ ನನ್ನ ಮೇಜಿನ ಮೇಲೆ ಮುಂದಿನ ವಾರದ ನಾಲ್ಕು ಕಾರ್ಯಕ್ರಮಗಳ ಪ್ರೂಫ್ ಬಿದ್ದಿರುತ್ತದೆ.

ನಮ್ಮದು ಪ್ರಿಂಟಿಂಗ್ ಪ್ರೆಸ್ಸು. ಮಾವನವರ ಕಾಲದಲ್ಲಿ ಮೊಳೆ ಜೋಡಿಸಿ ಟ್ರೆಡಲ್ ಮಷೀನಿನಲ್ಲಿ ಅಚ್ಚು ಹಾಕುತ್ತಿದ್ದರು. ನಾನು ಮದುವೆಯಾಗಿ ಬಂದಾಗ ಪ್ರೂಫ್ ನೋಡುವ ಕೆಲಸ ನನ್ನ ಪಾಲಿಗೆ ಬಂತು, ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದೂ ನಾನೇ. ಯಕ್ಷಗಾನ, ನಾಟಕ, ತಾಳಮದ್ದಳೆ, ಶಾಲೆಯ ವಾರ್ಷಿಕೋತ್ಸವ, ದೇವರ ಪುನಃಪ್ರತಿಷ್ಠೆ, ಸಹಕಾರ ಸಂಘದ ಸರ್ವಸದಸ್ಯರ ಸಭೆ, ಊರಿನಲ್ಲಿ ಏನೇ ನಡೆಯಲಿ, ಮೊದಲು ಅದು ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದರ ಮೇಲೆ ಯಾರದೋ ಕೈಬರಹವಾಗಿ ನಮ್ಮ ಪ್ರೆಸ್ಸಿಗೋ ಊರಿನ ಮತ್ತೊಂದು ಪ್ರೆಸ್ಸಿಗೋ ಬರಲೇಬೇಕು. ಪ್ರವಾಸದ ಪುಸ್ತಕ ಬರೆಯುವವರಿಗಿಂತ ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚಿಗೇ ಗೊತ್ತು ಎಂದುಕೊಂಡಿದ್ದೇನೆ.

ಕರಪತ್ರ ಓದುವ ಬಗೆ

ರಾತ್ರಿ ರೈಲಿನಲ್ಲಿ ಬಂದರೆ ಬೆಳಗ್ಗೆ ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿಯುತ್ತೀರಿ. ಇನ್ನೊಂದಿಷ್ಟು ಹೋದರೆ ತಾಳಗುಪ್ಪ, ಅಲ್ಲಿಗೆ ಹಳಿ ಮುಗಿಯಿತು. ಸಣ್ಣ ಸ್ಟೇಷನ್ ಎಂದು ಕಡೆಗಣಿಸಬೇಡಿ. 1951ರ ಕಾಗೋಡು ಸತ್ಯಾಗ್ರಹದ ಸಮಯದಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಬಂಧಿಸಿದ್ದು ಸಾಗರದ ರೈಲು ನಿಲ್ದಾಣದಲ್ಲಿಯೇ. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ಜಗಳ ಕರ್ನಾಟಕದ ರೈತ ಚಳವಳಿಯ ಮೊದಲ ದೊಡ್ಡ ಅಧ್ಯಾಯವಾಯಿತು. ಕಾಗೋಡು ಇಲ್ಲಿಂದ ದೂರವೇನಿಲ್ಲ.

ಸ್ಟೇಷನ್ನಿನಿಂದ ಪೇಟೆಗೆ ಬಂದು ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ನಡೆಯಿರಿ. ಕಾಫಿ ಕುಡಿಯುವ ಹೋಟೆಲ್, ಔಷಧಿ ಅಂಗಡಿ, ಖಾಸಗಿ ಬಸ್ ನಿಲ್ದಾಣದ ಕಂಬಗಳು, ಅಡಿಕೆ ಮಂಡಿಯ ಗೋಡೆ, ಇವೇ ನಮ್ಮ ಪ್ರಕಟಣಾ ಫಲಕಗಳು. ಫ್ಲೆಕ್ಸ್ ನೋಡಿ ಮೋಸ ಹೋಗಬೇಡಿ. ಅದರಲ್ಲಿ ಹುಟ್ಟುಹಬ್ಬದ ಶುಭಾಶಯ ಕೋರುವವರ ಮುಖಗಳೇ ಹೆಚ್ಚು. ಕಾರ್ಯಕ್ರಮ ಬೇಕಾದರೆ ಅಂಗಡಿಯ ಗಾಜಿಗೆ ಒಳಗಿನಿಂದ ಅಂಟಿಸಿದ ಗುಲಾಬಿ, ಹಳದಿ ಬಣ್ಣದ ತೆಳು ಕಾಗದ ಹುಡುಕಬೇಕು. ಈಗ ಅದೇ ಕಾಗದದ ಫೋಟೊ ವಾಟ್ಸ್ಆ್ಯಪಿನಲ್ಲಿ ತಿರುಗುತ್ತದೆ, ಆದರೆ ಆ ಗುಂಪುಗಳಲ್ಲಿ ನೀವು ಇರುವುದಿಲ್ಲವಲ್ಲ.

ಕರಪತ್ರ ಸಿಕ್ಕಿತು ಎನ್ನಿ. ಮೇಲಿನಿಂದ ಓದಬೇಡಿ. ಮೇಲೆ ದೇವರ ಹೆಸರು, ಸಂಘದ ಹೆಸರು, ಎಷ್ಟನೆಯ ವರ್ಷ ಎಂಬುದೆಲ್ಲ ಇರುತ್ತದೆ. ಕಣ್ಣು ನೇರವಾಗಿ ಕೆಳಗಿನ ಅರ್ಧಕ್ಕೆ ಹೋಗಲಿ. ಯಕ್ಷಗಾನವಾದರೆ ಹಾಡು, ಚೆಂಡೆಯವರ ಹಿಮ್ಮೇಳ, ವೇಷದವರ ಮುಮ್ಮೇಳ ಎಂದು ಎರಡು ಪಟ್ಟಿ ಇರುತ್ತದೆ. ನಮ್ಮ ಕಡೆಯ ಜನ ಮೊದಲು ನೋಡುವುದು ಹಿಮ್ಮೇಳದ ಮೊದಲ ಸಾಲನ್ನು, ಅಂದರೆ ಆಟವನ್ನು ಹಾಡಿ ನಡೆಸುವ ಭಾಗವತರು ಯಾರು ಎಂಬುದನ್ನು. ಭಾಗವತರು ಒಳ್ಳೆಯವರಾದರೆ ವೇಷ ಸ್ವಲ್ಪ ಕುಂಟಿದರೂ ರಾತ್ರಿ ಸಾಗುತ್ತದೆ. ಹಾಡು ಕೆಟ್ಟರೆ ಎಂಥ ವೇಷಧಾರಿಯೂ ಆಟವನ್ನು ಎತ್ತಲಾರ. ‘ಕಾಲಮಿತಿ’ ಎಂದು ಬರೆದಿದ್ದರೆ ಮಧ್ಯರಾತ್ರಿಯ ಸುಮಾರಿಗೆ ಮುಗಿಯುತ್ತದೆ, ಹೊಸಬರಿಗೆ ಇದೇ ವಾಸಿ. ಆ ಮಾತು ಇಲ್ಲದೆ ಎರಡು ಪ್ರಸಂಗಗಳ ಹೆಸರಿದ್ದರೆ ಬೆಳಗಿನವರೆಗೆ ನಡೆಯುವ ಆಟ. ಕಂಬಳಿ ತನ್ನಿ. ‘ಹರಕೆ ಬಯಲಾಟ’ ಎಂದಿದ್ದರೆ ಟಿಕೆಟ್ ಇಲ್ಲ. ಡೇರೆ ಮೇಳವಾದರೆ ಕುರ್ಚಿಗೊಂದು, ನೆಲಕ್ಕೊಂದು ದರ.

ಇನ್ನು ಸಮಯದ ವಿಚಾರ. ‘ಸಂಜೆ 6ಕ್ಕೆ ಸಭಾ ಕಾರ್ಯಕ್ರಮ, ತದನಂತರ ಯಕ್ಷಗಾನ’ ಎಂದು ನಾನೇ ಅಚ್ಚು ಹಾಕಿಕೊಟ್ಟಿರುತ್ತೇನೆ. ಆರಕ್ಕೆ ಸರಿಯಾಗಿ ಹೋದರೆ ನೀವು ಮತ್ತು ಧ್ವನಿವರ್ಧಕದ ಹುಡುಗ ಇಬ್ಬರೇ ಇರುತ್ತೀರಿ. ಕರಪತ್ರದಲ್ಲಿ ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂಬ ತಲೆಬರಹಗಳ ಕೆಳಗೆ ಎಷ್ಟು ಹೆಸರಿವೆ ಎಂದು ಎಣಿಸಿ. ತಲೆಗೆ ಹತ್ತು ನಿಮಿಷದಂತೆ ಲೆಕ್ಕ ಹಾಕಿ. ಸನ್ಮಾನಿತರಿದ್ದರೆ ಅವರಿಗೆ ಕಾಲು ಗಂಟೆ, ಏಕೆಂದರೆ ಸನ್ಮಾನ ಪತ್ರವನ್ನು ಪೂರ್ತಿ ಓದುತ್ತಾರೆ (ಅದನ್ನು ಅಚ್ಚು ಹಾಕುವವಳೂ ನಾನೇ, ಉದ್ದ ನನಗೆ ಗೊತ್ತು). ಹಾಗೆ ಬಂದ ಹೊತ್ತಿಗೆ ಚಹಾ ಕುಡಿದು ಹೊರಟರೆ ಚೆಂಡೆಯ ಪೆಟ್ಟು ಬೀಳುವ ಸಮಯಕ್ಕೆ ಸರಿಯಾಗಿ ಸೇರುತ್ತೀರಿ. ಹೆಸರುಗಳ ಅನುಕ್ರಮಕ್ಕಾಗಿ ಸಮಿತಿಯವರು ನಮ್ಮ ಪ್ರೆಸ್ಸಿನ ಬೆಂಚಿನ ಮೇಲೆ ಕುಳಿತು ಮಾಡುವ ವಾದ ಎಷ್ಟೋ ತಾಳಮದ್ದಳೆಗಳಿಗಿಂತ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ಪ್ರೇಕ್ಷಕರಿಗೆ ಪ್ರವೇಶವಿಲ್ಲ.

ಕರಪತ್ರದ ಕಟ್ಟಕಡೆಯ ಸಾಲು ‘ಅನ್ನಸಂತರ್ಪಣೆ’ ಎಂದಿದ್ದರೆ ಸಂಕೋಚವಿಲ್ಲದೆ ಪಂಕ್ತಿಯಲ್ಲಿ ಕುಳಿತುಕೊಳ್ಳಿ. ಯಾರ ಮನೆಯವರು ಎಂದು ಕೇಳಬಹುದು, ಅದು ಪರಿಚಯಕ್ಕೆ ಕೇಳುವುದು. ಊಟವಾದ ಮೇಲೆ ರಸೀದಿ ಪುಸ್ತಕ ಹಿಡಿದವರ ಬಳಿ ಕೈಲಾದಷ್ಟು ಬರೆಸಿದರೆ ಸಾಕು. ಆ ರಸೀದಿ ಪುಸ್ತಕದ ಬಗ್ಗೆಯೂ ಒಂದು ಸುಳಿವು ಕೊಡುತ್ತೇನೆ. ಯಾವ ಸಂಘವೇ ಆಗಲಿ, ಕರಪತ್ರಕ್ಕಿಂತ ಬಹಳ ಮುಂಚೆ ರಸೀದಿ ಪುಸ್ತಕ ಅಚ್ಚು ಮಾಡಿಸುತ್ತದೆ. ಪೇಟೆಯ ಅಂಗಡಿಗಳಲ್ಲಿ ಯಾರಾದರೂ ರಸೀದಿ ಹಿಡಿದು ಸುತ್ತುತ್ತಿದ್ದರೆ ತಿಂಗಳೊಪ್ಪತ್ತಿನಲ್ಲಿ ಏನೋ ಇದೆ ಎಂದರ್ಥ. ಅಂಗಡಿಯವರನ್ನೇ ಕೇಳಿ, ಹಣ ಕೊಟ್ಟವರಿಗೆ ದಿನಾಂಕ ಬಾಯಿಪಾಠ ಇರುತ್ತದೆ.

ಇಕ್ಕೇರಿಯಲ್ಲಿ ನೆಲ ನೋಡಿ

ಕೆಳದಿ ನಾಯಕರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಕೊನೆಗೆ ಬಿದನೂರು, ಅಂದರೆ ಈಗಿನ ನಗರ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಲ್ಲಿಗೆ ಆ ಕಥೆ ಮುಗಿಯಿತು. ಮೊದಲ ಎರಡು ರಾಜಧಾನಿಗಳು ಸಾಗರದಿಂದ ಹತ್ತು ಕಿಲೋಮೀಟರಿನ ಒಳಗೇ ಇವೆ. ಸಾಗರ ಎಂಬ ಹೆಸರೂ ಅವರದೇ ಕೊಡುಗೆ. ಸದಾಶಿವ ನಾಯಕ ಕಟ್ಟಿಸಿದ ಸದಾಶಿವ ಸಾಗರವೆಂಬ ಕೆರೆಯಿಂದ ಊರಿಗೆ ಹೆಸರು ಬಂತು. ಆ ಕೆರೆ ಈಗ ಗಣಪತಿ ಕೆರೆ, ಸಂಜೆ ಅದರ ದಂಡೆಯಲ್ಲಿ ಅರ್ಧ ಊರು ಗಾಳಿ ಸೇವನೆಗೆ ಬಂದಿರುತ್ತದೆ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಬಂದವರೆಲ್ಲ ಎದುರಿನ ಮಂಟಪದಲ್ಲಿರುವ ದೊಡ್ಡ ನಂದಿಯ ಜೊತೆ ಫೋಟೊ ತೆಗೆಸಿಕೊಂಡು, ಹೊರಗೋಡೆಯ ಶಿಲ್ಪಗಳನ್ನು ಒಂದು ಸುತ್ತು ನೋಡಿ ಹೊರಟುಬಿಡುತ್ತಾರೆ. ನೀವು ಬೆಳಗ್ಗೆ ಜನ ಕಡಿಮೆ ಇರುವಾಗ ಹೋಗಿ, ಒಳಗೆ ಕಾಲಿಟ್ಟ ಮೇಲೆ ತಲೆ ತಗ್ಗಿಸಿ ನೆಲ ನೋಡಿ. ಗರ್ಭಗುಡಿಯ ಮುಂದಿನ ಕಲ್ಲುಹಾಸಿನಲ್ಲಿ ಅಡ್ಡಬಿದ್ದು ನಮಸ್ಕರಿಸುತ್ತಿರುವ ಮೂವರು ಕೆಳದಿ ಅರಸರ ಉಬ್ಬುಚಿತ್ರಗಳಿವೆ, ಒಬ್ಬೊಬ್ಬರ ಮೇಲೂ ಹೆಸರು ಕೊರೆದಿದ್ದಾರೆ. ಅವರಲ್ಲೊಬ್ಬ ಹುಚ್ಚ ಸೋಮಶೇಖರ. ಅವನ ಕೈಕಾಲುಗಳಿಗೆ ಸಂಕೋಲೆ ಹಾಕಿರುವಂತೆ ಕೆತ್ತಿದ್ದಾರೆ. ಬುದ್ಧಿಭ್ರಮಣೆಯಾದ ಅರಸನನ್ನು ಇದ್ದ ಹಾಗೆಯೇ ದೇವರ ಮುಂದೆ ಮಲಗಿಸಿದ ಆ ಶಿಲ್ಪಿಯ ಧೈರ್ಯ ನನಗೆ ಹೊರಗೋಡೆಯ ಯಾವ ಸುಂದರಿಗಿಂತಲೂ ಹೆಚ್ಚು ಇಷ್ಟ. ಕಾಲಿನಿಂದ ತುಳಿದು ಹೋಗದಂತೆ ಮಕ್ಕಳಿಗೆ ಮೊದಲೇ ಹೇಳಿ. ಗರ್ಭಗುಡಿಯ ಪೀಠವನ್ನೂ ಗಮನಿಸಿ. ಒಳಗಿನ ಜಾಗದ ಮುಕ್ಕಾಲು ಪಾಲನ್ನು ಅದೇ ನುಂಗಿಕೊಂಡಿದೆ, ಸುತ್ತಲೂ ಕುಳಿತ ಭಂಗಿಯ 32 ಸ್ತ್ರೀ ಮೂರ್ತಿಗಳಿವೆ.

ಇನ್ನೊಂದು ವಿಷಯ ತೋಟದವರಿಗೆ ಖುಷಿ ಕೊಡುವಂಥದ್ದು. ಒಳಗಿನ ನಡುಗಂಬಗಳ ನಡುವಿನ ಅಂತರ 18 ಅಡಿ 6 ಇಂಚು. ಇಷ್ಟುದ್ದದ ಕೋಲಿಗೆ ದಾಯ ಎಂದು ಹೆಸರು, ಶಿವಪ್ಪ ನಾಯಕನ ಕಂದಾಯದ ಶಿಸ್ತಿನಲ್ಲಿ ಅಡಿಕೆ ತೋಟ ಅಳೆಯಲು ಅದೇ ಮಾನ. ಅಳತೆಯಲ್ಲಿ ತಕರಾರು ಬಂದರೆ ದೇವಸ್ಥಾನದ ಕಂಬವೇ ಸಾಕ್ಷಿ, ಯಾರೂ ಎಳೆದು ಉದ್ದ ಮಾಡಲಾರರು. ಮೂರು ಶತಮಾನದ ಮೇಲೆ ಅದೇ ಸೀಮೆಯಲ್ಲಿ ಕೊಳಗದ ಅಳತೆಗಾಗಿ ಕಾಗೋಡಿನಲ್ಲಿ ರೈತರು ಎದ್ದು ನಿಂತದ್ದನ್ನು ನೆನೆದರೆ, ಕಲ್ಲಿನ ಕಂಬವನ್ನು ಮಾನವಾಗಿ ಇಟ್ಟವರಿಗೆ ಜನರ ಸ್ವಭಾವ ಗೊತ್ತಿತ್ತು ಎನಿಸುತ್ತದೆ.

ಕೆಳದಿಯಲ್ಲಿ ಇದಕ್ಕೆ ವಿರುದ್ಧ, ತಲೆ ಎತ್ತಬೇಕು. ರಾಮೇಶ್ವರನ ಪಕ್ಕದ ವೀರಭದ್ರ ದೇವಸ್ಥಾನದ ಛಾವಣಿಯಲ್ಲಿ ಗಂಡಭೇರುಂಡವಿದೆ, ಆನೆ-ಸಿಂಹಗಳನ್ನು ಕೊಕ್ಕು, ಉಗುರುಗಳಲ್ಲಿ ಹಿಡಿದ ಹಕ್ಕಿ. ಮೊಬೈಲಿನ ಟಾರ್ಚ್ ಬಿಟ್ಟು ನೋಡುವ ಬದಲು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಎರಡು ನಿಮಿಷ ನಿಂತರೆ ಉಬ್ಬು-ತಗ್ಗು ಚೆನ್ನಾಗಿ ಕಾಣುತ್ತದೆ. ಊರಿನಲ್ಲಿ ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತು ಸಂಗ್ರಹಾಲಯವಿದೆ, ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಅಡಿ ಇದೆ. ತಾಳೆಗರಿ ನೋಡುವ ಆಸೆಯಿದ್ದರೆ ರಜಾದಿನ ಬಿಟ್ಟು ಹೋಗಿ.

ಗುಡಿಗಾರರ ಅಂಗಡಿಯಲ್ಲಿ ಕೇಳಬೇಕಾದ್ದು

ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ಹೆಸರುವಾಸಿ. ಆ ಹೆಸರನ್ನು ಕೇಳಿ ಬಂದವರಿಗೆ ಎಲ್ಲ ಅಂಗಡಿಗಳಲ್ಲೂ ಎಲ್ಲವೂ ಗಂಧವಾಗಿಯೇ ಕಾಣುತ್ತದೆ. ಗಂಧದ ಮರ ಈಗ ಸುಲಭದ ಮಾತಲ್ಲ, ಕುಶಲಕರ್ಮಿಗಳಿಗೇ ಅದು ಸರ್ಕಾರದ ಮೂಲಕ ಅಳೆದು ತೂಗಿ ಸಿಗುವ ಸರಕು. ಬಹಳಷ್ಟು ಮೂರ್ತಿಗಳು ಶಿವನೆ ಮರದವು. ಶಿವನೆಯಲ್ಲಿ ತಪ್ಪೇನಿಲ್ಲ, ಉಳಿ ಚೆನ್ನಾಗಿ ಓಡುತ್ತದೆ, ಬಿರುಕು ಕಡಿಮೆ, ಬೆಲೆಯೂ ಕೈಗೆಟಕುತ್ತದೆ. ‘ಇದು ಯಾವ ಮರ?’ ಎಂದು ನೇರವಾಗಿ ಕೇಳಿ. ಕೆಲಸಗಾರನ ಮನೆಯಲ್ಲೇ ಕೊಂಡರೆ ಸುಳ್ಳು ಹೇಳುವುದಿಲ್ಲ. ಗಂಧದ್ದೇ ಬೇಕೆಂದರೆ ಬಿಲ್ಲು ಇಲ್ಲದೆ ಕೊಳ್ಳಲೇಬೇಡಿ, ದಾರಿಯಲ್ಲಿ ಯಾರಾದರೂ ಕೇಳಿದರೆ ನಿಮ್ಮ ಬಳಿ ಕಾಗದವಿರಬೇಕು.

ಕೊಳ್ಳುವ ಮುಂಚೆ ಸ್ವಲ್ಪ ಹೊತ್ತು ಕೆಲಸ ನೋಡಿ. ಕೊಡತಿಯಿಂದ ತಟ್ಟುವ ದೊಡ್ಡ ಉಳಿಯಲ್ಲಿ ಆಕಾರ ಬರುತ್ತದೆ, ಆಮೇಲೆ ಸಣ್ಣ ಉಳಿಗಳ ಸರದಿ. ಆಗ ಕೊಡತಿ ಪಕ್ಕಕ್ಕಿಟ್ಟು ಅಂಗೈಯಿಂದಲೇ ಒತ್ತುತ್ತಾರೆ. ಮೂರ್ತಿಯ ಮುಂಭಾಗ ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಬೆನ್ನು ತಿರುಗಿಸಿ ಜಡೆಯ ಹೆಣಿಗೆ, ಪ್ರಭಾವಳಿಯ ಹಿಂಬದಿ ನೋಡಿದರೆ ಕೈ ಗೊತ್ತಾಗುತ್ತದೆ. ಮದುವೆಯ ಕಾಲದಲ್ಲಿ ಬಂದರೆ ಬೆಂಡಿನ ಬಾಸಿಂಗ ಕಟ್ಟುವುದನ್ನೂ ನೋಡಬಹುದು. ನೀರಿನಲ್ಲಿ ಬೆಳೆಯುವ ಗಿಡದ ಹಗುರ ಬೆಂಡನ್ನು ಕಾಗದದಷ್ಟು ತೆಳುವಾಗಿ ಸುರುಳಿ ಎಬ್ಬಿಸಿ ಹೂವಾಗಿಸುವ ಕೆಲಸ ಅದು. ಗಣೇಶ ಚೌತಿಗೆ ಮುಂಚಿನ ವಾರಗಳಲ್ಲಿ ಮಾತ್ರ ಮಾತನಾಡಿಸಲು ಹೋಗಬೇಡಿ, ಮಣ್ಣಿನ ಗಣಪತಿಯ ಗಡಿಬಿಡಿಯಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.

ಭೂಮಿ ಹುಣ್ಣಿಮೆಗೆ ಬರುವುದಾದರೆ

ವರ್ಷಕ್ಕೆ ಒಂದೇ ಸಲ ಬರಲು ಸಾಧ್ಯ ಎನ್ನುವವರಿಗೆ ನಾನು ಆಶ್ವಯುಜದ ಹುಣ್ಣಿಮೆಯನ್ನೇ ಹೇಳುತ್ತೇನೆ. ಬೇರೆ ಕಡೆ ಸೀಗಿ ಹುಣ್ಣಿಮೆ, ಇಲ್ಲಿ ಭೂಮಿ ಹುಣ್ಣಿಮೆ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಬೀಳುತ್ತದೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿಕೊಂಡು ನಿಂತಿರುವ ಹೊತ್ತು. ಬಸುರಿಗೆ ಬಯಕೆಯ ಊಟ ಬಡಿಸುವಂತೆ ಭೂಮಿತಾಯಿಗೆ ಬಡಿಸುವ ಹಬ್ಬ. ದೀವರ ಸಮುದಾಯದ ಕೇರಿಗಳಲ್ಲಿ ಹೆಂಗಸರು ಹುಣ್ಣಿಮೆಯ ಹಿಂದಿನ ರಾತ್ರಿ ನಿದ್ದೆ ಮಾಡುವುದಿಲ್ಲ, ಬೆಳಗಿನವರೆಗೆ ಅಡಿಗೆ. ನಸುಕಿನಲ್ಲಿ ಬುಟ್ಟಿ ತಲೆಯ ಮೇಲೆ ಹೊತ್ತು ಗದ್ದೆಗೆ ಹೊರಡುತ್ತಾರೆ, ಪೂಜೆ ಮಾಡುತ್ತಾರೆ, ಅಡಿಗೆಯನ್ನು ಗದ್ದೆಗೆ ಎರಚಿ ಚರಗ ಚೆಲ್ಲುತ್ತಾರೆ, ಆಮೇಲೆ ಮನೆಯವರೆಲ್ಲ ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ.

ಆ ಬುಟ್ಟಿಯನ್ನು ಹತ್ತಿರದಿಂದ ನೋಡಿ. ಅದಕ್ಕೆ ಭೂಮಣ್ಣಿ ಬುಟ್ಟಿ ಎನ್ನುತ್ತಾರೆ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳುಪಿನಿಂದ ಚಿತ್ತಾರ ಬರೆಯುತ್ತಾರೆ. ಕುಂಚ ಎಂದರೆ ಪುಂಡಿ ನಾರು. ಅದರ ತುದಿಯನ್ನು ಜಜ್ಜಿ ಹದ ಮಾಡಿಕೊಂಡರೆ ಕೂದಲೆಳೆಯಷ್ಟು ಸಣ್ಣ ಗೆರೆ ಬರುತ್ತದೆ. ಕಪ್ಪಿಗೆ ಅಕ್ಕಿಯನ್ನೇ ಕರಿಕಾಗುವಂತೆ ಹುರಿದು ಅರೆಯುತ್ತಾರೆ, ಹಳದಿಗೆ ಗುರಿಗೆ ಕಾಯಿ. ನಾಲ್ಕೇ ಬಣ್ಣ, ನಾಲ್ಕೂ ಅಡಿಗೆಮನೆ ಮತ್ತು ಹಿತ್ತಿಲಿನ ಸರಕು. ಮದುವೆಯಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಇದೇ ಕೈಯದು. ಹಸೆಗೋಡೆಯ ಮುಂದೆ ಕುಳಿತ ಚಿತ್ತಾರಗಿತ್ತಿ ಅಳತೆಪಟ್ಟಿ ಮುಟ್ಟದೆ ಎಳೆಯ ಪಕ್ಕ ಎಳೆ ಎಳೆಯುತ್ತಾ ಹೋಗುವುದನ್ನು ನೋಡಿದಾಗಲೆಲ್ಲ, ಕಂಪ್ಯೂಟರಿನಲ್ಲಿ ಬಾರ್ಡರ್ ಹಾಕಲು ಒದ್ದಾಡುವ ನನಗೆ ಸಣ್ಣ ಹೊಟ್ಟೆಕಿಚ್ಚು ಆಗುತ್ತದೆ.

ಇದನ್ನು ನೋಡಲು ಹೋಗುವುದು ಹೇಗೆ ಎನ್ನುವುದೇ ಮುಖ್ಯ. ಇದು ಟಿಕೆಟ್ ಕೊಡುವ ಪ್ರದರ್ಶನವಲ್ಲ, ಯಾರದೋ ಮನೆಯ ಹಬ್ಬ. ಕ್ಯಾಮೆರಾ ಹಿಡಿದು ನಸುಕಿನಲ್ಲಿ ಗದ್ದೆಗೆ ನುಗ್ಗಿದರೆ ಯಾರೂ ಬೈಯುವುದಿಲ್ಲ, ಆದರೆ ಒಳಗೊಳಗೇ ನೊಂದುಕೊಳ್ಳುತ್ತಾರೆ. ಹುಣ್ಣಿಮೆಗೆ ಎರಡು ದಿನ ಮುಂಚೆ ಊರಿಗೆ ಬನ್ನಿ. ಪೇಟೆಯಲ್ಲಿ ಹೊಸ ಬುಟ್ಟಿ, ಕೆಮ್ಮಣ್ಣು ಕೊಳ್ಳುವವರು ಸಿಗುತ್ತಾರೆ. ಉಳಿದುಕೊಂಡ ಮನೆಯವರ ಮೂಲಕವೋ ಅಂಗಡಿಯವರ ಮೂಲಕವೋ ಒಂದು ಮನೆಯ ಪರಿಚಯ ಮಾಡಿಕೊಳ್ಳಿ. ‘ಬುಟ್ಟಿ ಬರೆಯುವುದನ್ನು ನೋಡಬಹುದಾ ಅಕ್ಕಾ?’ ಎಂದು ಕೇಳಿದರೆ ಬಹುತೇಕ ಒಪ್ಪುತ್ತಾರೆ. ಬರಿಗೈಯಲ್ಲಿ ಹೋಗಬೇಡಿ, ಹಣ್ಣೋ ಎಲೆ-ಅಡಿಕೆಯೋ ಇರಲಿ. ಫೋಟೊಕ್ಕೆ ಮುಖ ಬೇಡ ಎಂದರೆ ಬೇಡ. ಚರಗದ ಹೊತ್ತಿಗೆ ಬದುವಿನ ಮೇಲೆ ನಿಲ್ಲಿ, ಗದ್ದೆಗಿಳಿದು ತೆನೆ ತುಳಿಯಬೇಡಿ. ಊಟಕ್ಕೆ ಕರೆದೇ ಕರೆಯುತ್ತಾರೆ, ಒಲ್ಲೆ ಎನ್ನಬಾರದು. ಆ ದಿನಗಳಲ್ಲಿ ಬರಲಾಗದವರು ಸಿರಿವಂತೆಯ ಕಡೆ ಹಸೆ ಚಿತ್ತಾರವನ್ನು ವೃತ್ತಿಯಾಗಿ ಬರೆಯುವವರನ್ನು ವಿಚಾರಿಸಬಹುದು. ಗೋಡೆಗೆ ತೂಗುಹಾಕುವ ಚೌಕಟ್ಟಿನಲ್ಲಿ ಕೊಂಡೂ ತರಬಹುದು. ಚೌಕಾಸಿ ಮಾಡುವ ಮುಂಚೆ ಒಂದು ಚೌಕಟ್ಟಿನಲ್ಲಿ ಎಷ್ಟು ಎಳೆಗಳಿವೆ ಎಂದು ಎಣಿಸಿ ನೋಡಿ, ಬಾಯಿ ತಾನೇ ಮುಚ್ಚುತ್ತದೆ.

ಹೆಗ್ಗೋಡಿಗೆ ಹೊರಡುವ ಮೊದಲು

ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಇರುವುದು ಹೆಗ್ಗೋಡಿನಲ್ಲಿ. ಅಡಿಕೆ ತೋಟಗಳ ನಡುವಿನ ಹಳ್ಳಿಯ ನಾಟಕ ಸಂಘವೊಂದರ ಕೆಲಸಕ್ಕೆ 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1980ರಿಂದ ಅಲ್ಲಿ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ಸುತ್ತುವ ತಿರುಗಾಟ.

ಸುಮ್ಮನೆ ಒಂದು ಮಧ್ಯಾಹ್ನ ಹೋಗಿ ‘ನೀನಾಸಂ ನೋಡಬೇಕು’ ಎಂದರೆ ನಿಮಗೆ ಕಾಣುವುದು ಕಟ್ಟಡ, ಮರ, ತಾಲೀಮಿನ ನಡುವೆ ಚಹಾ ಕುಡಿಯುತ್ತಿರುವ ಹುಡುಗರು. ನಾಟಕ ನೋಡಲು ಹೋಗಬೇಕು. ಮಳೆಗಾಲದಲ್ಲಿ ತಿರುಗಾಟದ ನಾಟಕಗಳ ತಾಲೀಮು, ಮಳೆ ತೀರುವ ಹೊತ್ತಿಗೆ ಶಿವರಾಮ ಕಾರಂತ ರಂಗಮಂದಿರದಲ್ಲಿ ಪ್ರದರ್ಶನ, ಆಮೇಲೆ ತಂಡ ಊರು ಬಿಡುತ್ತದೆ. ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲೇ ಹೆಸರು ನೋಂದಾಯಿಸಬೇಕು, ಹೋದ ಮೇಲೆ ಜಾಗ ಕೇಳಿದರೆ ಸಿಗುವುದಿಲ್ಲ. ತಲೆ ಎಣಿಸಿ ನಿಮಿಷ ಕೂಡಿಸುವ ನನ್ನ ಸೂತ್ರ ಹೆಗ್ಗೋಡಿನಲ್ಲಿ ನಡೆಯುವುದಿಲ್ಲ ಎಂಬುದನ್ನು ಮರೆಯದಿರಿ. ಅಲ್ಲಿ ಹೇಳಿದ ಹೊತ್ತಿಗೆ ಶುರು. ಮುಂದಿನ ಸಾಲಿನಲ್ಲಿ ಕುಳಿತು ‘ಅರ್ಥವಾಗಲಿಲ್ಲ’ ಎಂದು ಹೇಳಲು ಹೆದರಬೇಕಾಗಿಲ್ಲ. ಹಿಂದಿನ ಸಾಲಿನ ತೋಟದ ಯಜಮಾನರು ಅದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತಾರೆ.

ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ಚರಕ ಇದೆ, ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1996ರಲ್ಲಿ ಆರಂಭವಾದ ಹೆಂಗಸರ ಸಹಕಾರ ಸಂಘ. ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಿಂದ ಬಣ್ಣ ಕಟ್ಟುತ್ತಾರೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕೆಂಗಂದು ರಸವೇ ಚೊಗರು. ನಮ್ಮ ಮನೆಗಳಲ್ಲಿ ಅದು ಬಟ್ಟೆಗೆ ತಾಗಿದರೆ ಹೋಗದ ಕಲೆ ಎಂದು ಬೈಸಿಕೊಳ್ಳುತ್ತಿತ್ತು, ಇಲ್ಲಿ ಅದಕ್ಕೇ ದುಡ್ಡು ಕೊಡುತ್ತಾರೆ. ಸೀರೆ, ಜುಬ್ಬಾ ಕೊಂಡರೆ ಮೊದಲ ಒಗೆತ ಬೇರೆಯಾಗಿ ಮಾಡಿ.

ಮಾರಿಕಾಂಬೆಯ ಜಾತ್ರೆ

ಮೂರು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಒಂಬತ್ತು ದಿನ. 2023ರಲ್ಲಿ ಆಯಿತು, 2026ರಲ್ಲಿ ಆಯಿತು, ಲೆಕ್ಕ ನೀವೇ ಮುಂದುವರಿಸಿಕೊಳ್ಳಿ. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಎರಡನ್ನೂ ಗೊಂದಲ ಮಾಡಿಕೊಂಡು ಬಂದವರಿದ್ದಾರೆ.

ನಮ್ಮಲ್ಲಿ ಅಮ್ಮನಿಗೆ ತವರುಮನೆಯ ಗುಡಿ ಒಂದು, ಗಂಡನ ಮನೆಯ ಗುಡಿ ಇನ್ನೊಂದು. ಮೊದಲ ದಿನ ತವರಿನಲ್ಲಿ ಪೂಜೆ, ಉಡಿ ತುಂಬುವುದು. ರಾತ್ರಿ ಮೆರವಣಿಗೆಯಲ್ಲಿ ಗಂಡನ ಮನೆಗೆ ಹೋಗುತ್ತಾಳೆ, ಉಳಿದ ದಿನ ಅಲ್ಲಿಯೇ. ಗಂಡನ ಮನೆಯ ಸಾಲಿನಲ್ಲಿ ನಿಲ್ಲುವುದಕ್ಕೆ ಎಂಟು ದಿನವಿದೆ, ತವರಿಗೆ ಒಂದೇ ದಿನ. ಹಾಗಾಗಿ ಒಂದು ದಿನ ಮಾತ್ರ ಬರುವವರು ಮೊದಲ ದಿನವೇ, ಅದೂ ಬೆಳಕು ಹರಿಯುವ ಮುಂಚೆ ಬನ್ನಿ. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಸಾಲಿನ ಉದ್ದ ನೋಡಿ ಎದೆ ಒಡೆದುಕೊಳ್ಳಬೇಡಿ. ಆ ಸಾಲಿನಲ್ಲಿ ಸಿಗುವಷ್ಟು ಊರಿನ ಸುದ್ದಿ ಬೇರೆಲ್ಲೂ ಸಿಗುವುದಿಲ್ಲ. ಜಾತ್ರೆಯ ಸಮಯದಲ್ಲಿ ಉಳಿಯಲು ರೂಮು ಸಿಗುವುದು ಕಷ್ಟ, ಶಿವಮೊಗ್ಗದಲ್ಲಿ ಉಳಿದು ಬಂದುಹೋಗಬಹುದು. ವೃತ್ತಿ ನಾಟಕ ಕಂಪನಿಗಳ ಡೇರೆ ಬೀಳುವುದೂ ಆಗಲೇ. ಹಾಸ್ಯ ಒರಟು, ಪರದೆಗಳು ಭರ್ಜರಿ. ಹೆಗ್ಗೋಡಿನ ನಾಟಕ ನೋಡಿದವರು ಇದನ್ನೂ ನೋಡಬೇಕು ಎಂದು ನನ್ನ ಹಠ, ಒಂದನ್ನು ಮಾತ್ರ ನೋಡಿ ನಮ್ಮ ಊರಿನ ಅಭಿರುಚಿಯ ಬಗ್ಗೆ ಭಾಷಣ ಮಾಡಬಾರದು.

ಉಳಿದದ್ದು

ಜೋಗಕ್ಕೆ ಮಳೆಗಾಲದಲ್ಲಿ ಹೋಗಿ, ಬೇಸಿಗೆಯಲ್ಲಿ ಬಂಡೆ ನೋಡಿ ನಿರಾಶರಾಗಬೇಡಿ. ಸಿಗಂದೂರಿಗೆ ಈಗ ಲಾಂಚ್ ಕಾಯಬೇಕಾಗಿಲ್ಲ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ವರದಹಳ್ಳಿಯ ಶ್ರೀಧರ ಸ್ವಾಮಿಗಳ ಆಶ್ರಮದಲ್ಲಿ ಮಾತು ಕಡಿಮೆ ಇರಲಿ. ವರದಾಮೂಲದಲ್ಲಿ ವರದಾ ನದಿ ಹುಟ್ಟುತ್ತದೆ, ನದಿ ಎಂದು ದೊಡ್ಡದನ್ನು ನಿರೀಕ್ಷಿಸಬೇಡಿ, ಸಣ್ಣ ಕೊಳವೇ ಅದು.

ಡಿಸೆಂಬರಿನಿಂದ ಮೇ ತನಕ ಒಣ ತರಗೆಲೆಯ ಕಾಡಿನಲ್ಲಿ ಅಲೆಯುವುದು ಬೇಡ. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳಗಳ ಕಾಲ ಅದು. ಹೋಗಲೇಬೇಕಾದರೆ ಮೈ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ.

ಊರಿಗೆ ಒಯ್ಯಲು ಏನು ಎಂದು ಕೇಳುವವರಿಗೆ: ಆಲೆಮನೆಯ ಕಾಲದಲ್ಲಿ ಬಂದರೆ ತೊಡೆದೇವು. ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ ಕಬ್ಬಿನ ಹಾಲಿನ ಹಿಟ್ಟನ್ನು ಸವರಿ ಎಬ್ಬಿಸುವ ಈ ಹಾಳೆ ಬಸ್ಸಿನಲ್ಲಿ ಪುಡಿಯಾಗುತ್ತದೆ, ಗಟ್ಟಿ ಡಬ್ಬಿ ತನ್ನಿ. ಮಾರ್ಚ್, ಏಪ್ರಿಲ್‌ನಲ್ಲಿ ಉಪ್ಪಿನಕಾಯಿಯ ಅಪ್ಪೆಮಿಡಿ. ರಸ್ತೆ ಬದಿಯಲ್ಲಿ ಗೋಣಿಚೀಲದ ಮೇಲೆ ಸುರಿದುಕೊಂಡು ಎಣಿಸಿ ಕೊಡುತ್ತಾರೆ. ತೊಟ್ಟು ಮುರಿದು ಸೊನೆಯ ವಾಸನೆ ನೋಡದೆ ಕೊಳ್ಳಬೇಡಿ. ಜೀರಿಗೆಯದೋ ಕರ್ಪೂರದ್ದೋ ಘಮ ಬಂದರೆ ಸರಿ, ಬರೀ ಹುಳಿ ವಾಸನೆಯಾದರೆ ಅದು ಕಾಡು ಮಾವು. ಕೆಳಗೆ ಬಿದ್ದು ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ, ಮರ ಹತ್ತಿ ಜೋಪಾನವಾಗಿ ಇಳಿಸಿದ್ದೇ ಎಂದು ಕೇಳಿಕೊಳ್ಳಿ.

ಕೊನೆಯದಾಗಿ ವಾಪಸು ಬರುವ ವಿಚಾರ. ಹಳ್ಳಿಗಳಿಗೆ ಹೋಗುವ ಖಾಸಗಿ ಬಸ್ಸುಗಳು ಹಗಲಿನವು. ಆಟವೋ ನಾಟಕವೋ ಮುಗಿಯುವ ಹೊತ್ತಿಗೆ ಒಂದೂ ಇರುವುದಿಲ್ಲ. ಸಂಜೆ ನಿಮ್ಮನ್ನು ಬಿಟ್ಟ ಆಟೋದವರ ಬಳಿಯೇ ವಾಪಸಿನ ಮಾತು ಮುಗಿಸಿ, ಮೊಬೈಲ್ ನಂಬರ್ ಪಡೆದುಕೊಳ್ಳಿ, ಕಾಯುವುದಕ್ಕೆ ಎಷ್ಟು ಎಂದು ಆಗಲೇ ಕೇಳಿ. ‘ನೀವೂ ಒಳಗೆ ಬಂದು ನೋಡಿ’ ಎಂದು ಕರೆದರೆ ಕಾಯುವ ದುಡ್ಡನ್ನು ಕೆಲವರು ಕೇಳುವುದಿಲ್ಲ. ಭಾಗವತರು ಯಾರೆಂದು ಅವರಿಗೂ ಮೊದಲೇ ಹೇಳಬೇಕು, ಅಷ್ಟೇ.